ಬಾಗಿಲಾಗಿ ನಿಂತ ಕಾಡನ್ನು ಮಾರಬೇಡಿ

ಮಲೆನಾಡಿನ ಮಿತ್ರರೆ,

ಹಳೆಯ ಮನೆಯ ಬಾಗಿಲಿನ ಕುರಿತು ಪರಿಸರ ಪತ್ರಿಕೆಯಲ್ಲಿ ಬರೆಯುವಂಥದ್ದೇನಿದೆ ಎಂದು ನೀವು ಕೇಳಬಹುದು. ಕಳೆದ ಬೇಸಿಗೆಯವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ. ಹಳೆಯ ಬಾಗಿಲನ್ನು ಕೊಂಡು ಮತ್ತೆ ಬಳಸುವವನು ಒಂದು ಮರವನ್ನು ಉಳಿಸುತ್ತಾನೆ, ಅಲ್ಲಿಗೆ ಮಾತು ಮುಗಿಯಿತು ಎಂದು ನಂಬಿದ್ದೆ. ಆ ನಂಬಿಕೆ ಅರ್ಧ ಮಾತ್ರ ಸತ್ಯ. ಉಳಿದರ್ಧವನ್ನು ನಿಮ್ಮ ಮುಂದಿಡುವುದಕ್ಕಾಗಿ ಈ ಲೇಖನ.

ನನ್ನ ತಂಗಿಯನ್ನು ಕೊಟ್ಟಿರುವುದು ಬೆಂಗಳೂರಿನ ಉತ್ತರದ ಸೋಲದೇವನಹಳ್ಳಿಗೆ. ನಾನು ಜಿ.ಕೆ.ವಿ.ಕೆ.ಯಲ್ಲಿ ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ಭಾನುವಾರಗಳಂದು ಅಲ್ಲಿಗೆ ಹೋಗುವಾಗ ಹೆಸರಘಟ್ಟದ ದಾರಿಯ ಇಕ್ಕೆಲದಲ್ಲೂ ರಾಗಿ, ಅವರೆ, ದ್ರಾಕ್ಷಿ ತೋಟಗಳಿದ್ದವು. ಇಂದು ಅಲ್ಲಿ ಕಾಲೇಜುಗಳು, ವಿದ್ಯಾರ್ಥಿನಿಲಯಗಳು, ಬಹುಮಹಡಿ ವಸತಿಗಳು ಎದ್ದಿವೆ. ಅವುಗಳ ನಡುವೆ ಭಾವನವರ ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ ಹೆಂಚಿನ ಮನೆಯೊಂದು ಇನ್ನೂ ನಿಂತಿದೆ. ಅದರ ತಲೆಬಾಗಿಲಿಗೆ ಗೆದ್ದಲು ಹಿಡಿದು, ಹೊಸ್ತಿಲಿನಿಂದ ಮೊಣಕಾಲೆತ್ತರದವರೆಗೆ ಮರ ಪುಡಿಯಾಗಿತ್ತು. ಹೊಸ ಬಾಗಿಲು ಆ ಮನೆಗೆ ಒಪ್ಪುವುದಿಲ್ಲ, ಅಳತೆಯೂ ಹೊಂದುವುದಿಲ್ಲ. ಹಳೆಯದನ್ನೇ ಹುಡುಕಬೇಕೆಂದು ಭಾವನವರು ಪಟ್ಟುಹಿಡಿದರು. "ಮರ ನೋಡಿ ಹೇಳೋಕೆ ನೀನೇ ಸರಿ, ಬಾ ಅಣ್ಣ," ಎಂದು ತಂಗಿ ಕರೆದಳು.

ಹೋದೆ. ಶಿವಾಜಿನಗರದ ಬಂಬೂ ಬಜಾರಿನಿಂದ ಮೊದಲುಗೊಂಡು ಮೈಸೂರು ರಸ್ತೆಯ ಮರಮುಟ್ಟಿನ ಅಂಗಡಿಗಳವರೆಗೆ ಮೂರು ದಿನ ಅಲೆದೆವು. ಕೊನೆಗೆ ಊರ ಹೊರವಲಯದ ದೊಡ್ಡದೊಂದು ಗೋದಾಮಿನಲ್ಲಿ ಕಾಲು ತಾನಾಗಿ ನಿಂತಿತು. ನೂರಾರು ಬಾಗಿಲುಗಳು ಗೋಡೆಗೆ ಒರಗಿ ನಿಂತಿದ್ದವು. ಅವುಗಳಲ್ಲಿ ಒಂದು ಜೋಡಿ ಕದ, ದಾರಂದ ಸಮೇತ, ನಮ್ಮ ಕಡೆಯದು. ನೋಡಿದೊಡನೆ ತಿಳಿಯಿತು. ಬೀಟೆಯ ದಾರಂದ, ಹಲಸಿನ ಕದ. ಕಬ್ಬಿಣದ ಬಿಜಾಗರಿ ಇಲ್ಲ. ಕದದ ಮರದಲ್ಲೇ ಕಡೆದ ಗೂಟ ಮೇಲೆ ಕೆಳಗೆ ಕುಳಿಯಲ್ಲಿ ಕುಳಿತು ತಿರುಗುವ ಹಳೆಯ ಕ್ರಮ. ಒಂದು ಕದದ ಒಳಮೈಯಲ್ಲಿ ಸುಣ್ಣದಲ್ಲಿ ಎಳೆದ ಐದೈದು ಗೆರೆಗಳ ಸಾಲು ಇತ್ತು. ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆಯ ಲೆಕ್ಕ ಇಡುತ್ತಿದ್ದ ಬಗೆ ಅದು. ದಾರಂದದ ಒಂದು ಕಂಬದ ಮೇಲೆ ಚಾಕುವಿನಿಂದ ಗೀರಿದ ಅಡ್ಡ ಗುರುತುಗಳು ಮೆಟ್ಟಿಲಿನಂತೆ ಮೇಲೇರಿದ್ದವು. ಯಾವುದೋ ಮನೆಯ ಮಗುವಿನ ಎತ್ತರವನ್ನು ವರ್ಷವರ್ಷವೂ ಅಳೆದ ಗುರುತು.

ನಾನು ಅವನ್ನೇ ನೋಡುತ್ತಿದ್ದುದನ್ನು ಕಂಡು ಅಂಗಡಿಯವರು ಸಮಾಧಾನ ಹೇಳಿದರು: "ಅದೆಲ್ಲ ಉಜ್ಜಿ ಪಾಲಿಶ್ ಹೊಡೆದ್ರೆ ಹೋಗ್ತದೆ ಸಾರ್."

"ಯಾವ ಊರಿಂದು?"

"ಮಲ್ನಾಡ್ ಕಡೇದು. ಒಂದು ಮನೇನೇ ಬಿಚ್ಚಿದ್ವಿ."

"ಬಿದ್ದುಹೋಗಿತ್ತಾ ಮನೆ?"

ಅವರು ನಕ್ಕರು. "ಬಿದ್ದಿರೋ ಮನೆ ಬಾಗಿಲು ಯಾರಿಗೆ ಬೇಕು ಸಾರ್? ಗಟ್ಟಿ ಇತ್ತು, ಅದಕ್ಕೇ ಬಿಚ್ಚಿದ್ದು."

ಮಿತ್ರರೆ, ನನ್ನ ವಾದವೆಲ್ಲವೂ ಆ ಒಂದು ಮಾತಿನಲ್ಲಿದೆ. ಹಳೆಯ ಮರದ ಮರುಬಳಕೆ ಎಂದು ನಾವು ಕೊಂಡಾಡುವ ವ್ಯವಹಾರ, ಬಿದ್ದ ಮನೆಯಿಂದ ಉಳಿದದ್ದನ್ನು ಎತ್ತಿಕೊಳ್ಳುವವರೆಗೆ ಪುಣ್ಯದ ಕೆಲಸ. ನಿಂತ ಮನೆಯನ್ನು ಬೀಳಿಸಿ ಎತ್ತಿಕೊಳ್ಳಲು ತೊಡಗಿದ ದಿನವೇ ಅದು ಮರಗಳ್ಳತನದ ನೆರೆಮನೆಯಾಗುತ್ತದೆ. ಕಾಡಿನಲ್ಲಿ ಮರ ಸಿಗದಾದಾಗ ಕೊಡಲಿ ಊರೊಳಗೆ ಬಂದಿದೆ.

ಕಾಡಿನಲ್ಲಿ ಮರ ಯಾಕೆ ಸಿಗದಾಯಿತೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಮರ ಕಡಿಯುವ ಮುನ್ನ ಅನುಮತಿ ಪಡೆಯಬೇಕೆಂದಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು; ಅದೇ ಅಪ್ಪಿಕೊ ಚಳವಳಿಯ ಆರಂಭ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ದೇಶದ ಕಾಡುಗಳಲ್ಲಿ ಕಟಾವಿಗೆ ಬಿಗಿಯಾದ ಕಡಿವಾಣ ಹಾಕಿತು. ತೇಗಕ್ಕೆ ಹೆಸರಾದ ಮ್ಯಾನ್ಮಾರ್ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. 2017ರ ಜನವರಿಯಿಂದ ನಮ್ಮ ಬೀಟೆಯೂ ಸೇರಿದಂತೆ ಆ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿದವು. ಇವೆಲ್ಲವೂ ಆಗಬೇಕಾದದ್ದೇ. ಆದರೆ ಬೇಡಿಕೆ ಕಡಿಮೆಯಾಗದೆ ಪೂರೈಕೆ ಮಾತ್ರ ನಿಂತಾಗ, ವ್ಯಾಪಾರಿಯ ಕಣ್ಣು ಎಲ್ಲಿ ಒಳ್ಳೆಯ ಚೇಗು ಮರವಿದೆಯೋ ಅಲ್ಲಿಗೆ ಹೋಗುತ್ತದೆ. ಇಂದು ಆ ಚೇಗು ನಮ್ಮ ಜಗಲಿ, ಉಪ್ಪರಿಗೆ, ಮುಚ್ಚಿಗೆ, ಬಾಗಿಲುಗಳಲ್ಲಿದೆ.

ಆ ಮರ ಏನೆಂಬುದನ್ನು ವಿಜ್ಞಾನದ ಮಾತಿನಲ್ಲಿಯೂ ಹೇಳುತ್ತೇನೆ. ಎಳೆಯ ಮರದ ಹೊರಭಾಗದ ಬಿಳಿ ಮರದಲ್ಲಿ ಪಿಷ್ಟವಿರುತ್ತದೆ. ಹುಳುಕು ತಿನ್ನುವುದು ಅದನ್ನು. ಮರ ವಯಸ್ಸಾದಂತೆ ಒಳಗಿನ ಕೋಶಗಳು ಸತ್ತು, ಪಿಷ್ಟ ಕರಗಿ, ಅದರ ಜಾಗದಲ್ಲಿ ಕೀಟಕ್ಕೂ ಶಿಲೀಂಧ್ರಕ್ಕೂ ಒಗ್ಗದ ರಾಸಾಯನಿಕಗಳು ತುಂಬುತ್ತವೆ. ಚೇಗೆಂದರೆ ಇದೇ. ಹತ್ತು ಹದಿನೈದು ವರ್ಷದ ನೆಡುತೋಪಿನ ತೇಗದಲ್ಲಿ ಚೇಗಿನ ಪಾಲು ಕಡಿಮೆ. ಅಜ್ಜನ ಕಾಲದ ಮರದಲ್ಲಿ ದಿಮ್ಮಿಯ ಬಹುಭಾಗ ಅದೇ. ಒಣ ಮರದ ತೂಕದ ಸರಿಸುಮಾರು ಅರ್ಧ ಇಂಗಾಲ. ಅರವತ್ತು ಕಿಲೋ ತೂಗುವ ಒಂದು ಕದ ತನ್ನೊಳಗೆ ಮೂವತ್ತು ಕಿಲೋ ಇಂಗಾಲವನ್ನು ಹಿಡಿದಿಟ್ಟಿದೆ. ಸುಟ್ಟರೆ ಅದು ನೂರಹತ್ತು ಕಿಲೋ ಇಂಗಾಲದ ಡೈಆಕ್ಸೈಡಾಗಿ ಗಾಳಿ ಸೇರುತ್ತದೆ. ಕಾಡಿನಿಂದ ಹೊರಬಂದ ಮೇಲೂ ಕಾಡಿನ ಕೆಲಸವನ್ನು ಮಾಡುತ್ತ ನಿಂತಿರುವ ವಸ್ತು ಅದು.

ಇನ್ನು ಸೋಲದೇವನಹಳ್ಳಿಯ ಕತೆಯ ಉಳಿದ ಭಾಗ. ಗೋದಾಮಿನಿಂದ ಬರಿಗೈಯಲ್ಲಿ ಮರಳಿದ ಸಂಜೆ ತಂಗಿಯ ಮನೆಯ ಹಿಂದಿನ ಬೀದಿಯಲ್ಲಿ ನಡೆಯುತ್ತಿದ್ದೆ. ಎರಡು ತಿಂಗಳ ಹಿಂದೆ ಅಲ್ಲಿ ಒಂದು ಹಳೆಯ ಮನೆಯನ್ನು ಜೆ.ಸಿ.ಬಿ. ಒಂದೇ ಬೆಳಗಿನಲ್ಲಿ ನೆಲಸಮ ಮಾಡಿತ್ತಂತೆ. ಏಳುತ್ತಿದ್ದ ಹೊಸ ಕಟ್ಟಡದ ಮುಂದೆ ಕೂಲಿಯವರು ಒಂದು ಅಗಲವಾದ ಹಲಗೆಯ ಮೇಲೆ ಗಾರೆ ಕಲಸುತ್ತಿದ್ದರು. ಹಲಗೆಯ ಅಂಚಿನಲ್ಲಿ ಹಿತ್ತಾಳೆಯ ಚಿಲಕದ ಗುರುತು ಕಂಡಿತು. ಅದು ಬಾಗಿಲು! ಸಿಬಿರೆಬ್ಬಿಸಿ ಒಂದು ಲೋಟ ನೀರಿನಲ್ಲಿ ಹಾಕಿ ಬೆಳಕಿಗೆ ಹಿಡಿದೆ. ಸ್ವಲ್ಪ ಹೊತ್ತಿನಲ್ಲಿ ನೀರಿಗೆ ನೀಲಿ ಛಾಯೆ ಬಂತು. ಹೊನ್ನೆ. ಇದರ ಜೋಡಿಯೆಲ್ಲಿ ಎಂದು ಕೇಳಿದರೆ, ಒಂದನ್ನು ಬೇಕರಿಯ ಒಲೆಗೆ ಒಯ್ದರೆಂದೂ ದಾರಂದ ಮಣ್ಣಿನ ರಾಶಿಯಡಿ ಇದೆಯೆಂದೂ ಹೇಳಿದರು. ಕೂಲಿಯವರನ್ನು ದೂರಲಾರೆ. ಅವರಿಗೆ ಬೇಕಾದದ್ದು ಒಂದು ಹಲಗೆ. ಎದುರಿಗಿದ್ದ ಹಲಗೆಯನ್ನು ಬಳಸಿದರು. ನಾವು ಬೇರೊಂದು ಹಲಗೆ ತಂದುಕೊಟ್ಟು, ಮಾಲೀಕರ ಒಪ್ಪಿಗೆ ಪಡೆದು, ಕದವನ್ನೂ ದಾರಂದವನ್ನೂ ಮನೆಗೆ ತಂದೆವು.

ಇಲ್ಲಿರುವ ಅಸಂಗತವನ್ನು ಗಮನಿಸಿ. ಬೆಂಗಳೂರಿನ ಹಳ್ಳಿಯ ಹೊನ್ನೆಯ ಬಾಗಿಲು ಅಲ್ಲಿಯ ಬೇಕರಿಯ ಒಲೆಯಲ್ಲಿ ಉರಿಯುತ್ತದೆ. ಅದೇ ಊರಿನ ಹೊಸ ಬಂಗಲೆಗೆ, ಮಲೆನಾಡಿನ ಗಟ್ಟಿ ಮನೆಯೊಂದನ್ನು ಕೆಡವಿ ಸುಮಾರು 350 ಕಿಲೋಮೀಟರ್ ದೂರದಿಂದ ಲಾರಿಯಲ್ಲಿ ಬಾಗಿಲು ಬರುತ್ತದೆ. ಎರಡೂ ಕಡೆ ಮನೆ ಹೋಯಿತು. ಇದನ್ನು ಮರುಬಳಕೆಯೆಂದು ಕರೆಯುವುದು ಹೇಗೆ?

ದೂರದ ಬಾಗಿಲು ಅಲ್ಲಿ ಸುಖವಾಗಿಯೂ ಇರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಗಾಳಿಯ ಆರ್ದ್ರತೆ ಶೇಕಡ 90ರ ಹತ್ತಿರ ವಾರಗಟ್ಟಲೆ ನಿಂತಾಗ ಮರದ ತೇವಾಂಶ ಅದರ ಒಣತೂಕದ ಶೇಕಡ 20ರ ಸುತ್ತ ನಿಲ್ಲುತ್ತದೆ. ಬಯಲುಸೀಮೆಯ ಬೇಸಿಗೆಯಲ್ಲಿ ಆರ್ದ್ರತೆ ಶೇಕಡ 40ಕ್ಕೆ ಇಳಿದರೆ ಅದೇ ಮರ ಶೇಕಡ 8ರ ಕಡೆಗೆ ಒಣಗುತ್ತದೆ. ಮರ ಎಳೆಯುದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನತ್ತ ಕುಗ್ಗುವುದರ ಸುಮಾರು ಇಮ್ಮಡಿ. ಆದ್ದರಿಂದ ಹಲಗೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ, ಕೀಲು ಸಡಿಲಗೊಳ್ಳುತ್ತದೆ. ಹಳೆಯ ಆಚಾರಿಗಳಿಗೆ ಇದು ಗೊತ್ತಿತ್ತು. ಚೌಕಟ್ಟಿನ ಗಾಡಿಯೊಳಗೆ ನಡುವಿನ ಹಲಗೆಯನ್ನು ಅಂಟಿಸದೆ, ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗಲು ಜಾಗ ಬಿಟ್ಟು ಕೂರಿಸುತ್ತಿದ್ದರು. ಆದರೆ ಅವರು ಬಿಟ್ಟ ಜಾಗ ತಮ್ಮ ಊರಿನ ಹವೆಗೆ ಅಳೆದದ್ದು.

ಸೋಲದೇವನಹಳ್ಳಿಯ ಬಾಗಿಲನ್ನು ಸರಿಪಡಿಸಲು ಅಲ್ಲಿಯೇ ಇದ್ದ ವಯಸ್ಸಾದ ಆಚಾರಿಯೊಬ್ಬರಿಗೆ ಮೂರು ವಾರ ಹಿಡಿಯಿತು. ನಮ್ಮ ಹಳ್ಳಿಗಳಲ್ಲಿ ಈ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತೆಂದು ಕ್ರಮವನ್ನು ಹೇಳುತ್ತೇನೆ. ಬಾಗಿಲಿನ ಮೇಲೆ ಎಣ್ಣೆಬಣ್ಣದ ನಾಲ್ಕೈದು ಪದರಗಳಿದ್ದವು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸವಿದೆಯೆಂದೇ ತಿಳಿಯಬೇಕು. ಅದನ್ನು ಒಣಗಿದ್ದಾಗ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ವಿಷ. ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆದು, ಸಿಪ್ಪೆಯನ್ನು ಗೋಣಿಯಲ್ಲಿ ಕಟ್ಟಿಟ್ಟೆವು. ತೋಟಕ್ಕೆ ಎಸೆಯಲಿಲ್ಲ, ಸುಡಲಿಲ್ಲ. ಕಾಸ್ಟಿಕ್ ಸೋಡಾ ಸುರಿದರೆ ಬಣ್ಣ ಬೇಗ ಬಿಡುವುದು ನಿಜ, ಆದರೆ ಮರದ ನಾರೂ ಸಡಿಲಗೊಳ್ಳುತ್ತದೆ; ಅದನ್ನು ಮುಟ್ಟಲಿಲ್ಲ. ಕೆಟ್ಟಿದ್ದ ಅಡಿಭಾಗದ ನಾಲ್ಕು ಬೆರಳಷ್ಟನ್ನು ಮಾತ್ರ ಕತ್ತರಿಸಿ, ಅದೇ ದಾರಂದದ ಮುರಿದ ತುಂಡಿನಿಂದ ಓರೆಯಾಗಿ ಹೆಣೆದು ಜೋಡಿಸಿದರು. ಸುಟ್ಟುಹೋದ ಕದಕ್ಕೆ ಬದಲಾಗಿ ಭಾವನವರ ಹಳೆಯ ಬಾಗಿಲಿನ ಗಟ್ಟಿಯಾಗಿದ್ದ ಮೇಲ್ಭಾಗವೇ ಒದಗಿತು. ಹೊನ್ನೆಯ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಹಾಗಾಗಿ ಬಿದಿರಿನ ಮೊಳೆ ಹೊಡೆದರು. ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಎರಡು ಸಲ ಬಳಿದು ಒಣಗಿಸಿ, ಕೊನೆಗೆ ಅಗಸೆ ಎಣ್ಣೆ ಉಣಿಸಿದೆವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಬೇಕು.

ಈಗ ಎದುರು ವಾದಗಳಿಗೆ ಬರುತ್ತೇನೆ.

ಮೊದಲನೆಯದು ನಮ್ಮವರದೇ: "ಮಾರದಿದ್ದರೆ ಗೆದ್ದಲು ತಿನ್ನುತ್ತದೆ, ಮಕ್ಕಳು ಊರಲ್ಲಿಲ್ಲ, ಮನೆ ಸೋರುತ್ತಿದೆ, ಏನು ಮಾಡೋಣ?" ಈ ಮಾತಿನಲ್ಲಿ ನೋವಿದೆ, ಅದನ್ನು ಹಗುರವಾಗಿ ಕಾಣಲಾರೆ. ಕೂಡುಕುಟುಂಬಕ್ಕೆಂದು ಕಟ್ಟಿದ ಚೌಕಿಮನೆಯಲ್ಲಿ ಇಂದು ಇಬ್ಬರು ವೃದ್ಧರು ಮಾತ್ರ ಇದ್ದರೆ ಅವರ ಮೇಲೆ ಸಂಸ್ಕೃತಿಯ ಭಾರವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ಬಾಗಿಲು ಕೆಡುವುದು ಬಾಗಿಲಿನಿಂದಲ್ಲ, ಒಡೆದ ಹೆಂಚಿನಿಂದ. ನೀರು ಬಿದ್ದ ಮರಕ್ಕೆ ಶಿಲೀಂಧ್ರ, ತೇವ ನಿಂತ ಗೋಡೆಗೆ ಗೆದ್ದಲು. ಬಾಗಿಲನ್ನು ಮಾರಿ ಬಂದ ಹಣ ಒಂದೆರಡು ವರ್ಷದಲ್ಲಿ ಕರಗುತ್ತದೆ. ಹೆಂಚು ಕೈಯಾಡಿಸಿದ ಮನೆ ಇನ್ನೊಂದು ತಲೆಮಾರು ನಿಲ್ಲುತ್ತದೆ. ಬೆಳೆಸಾಲ ಕೊಡುವ ನಮ್ಮ ಸಹಕಾರಿ ಸಂಘಗಳು ಮಾಡಿನ ದುರಸ್ತಿಗೆ ಸಣ್ಣ ಸಾಲ ಕೊಡಲಿ ಎಂದು ನಾವು ಯಾಕೆ ಕೇಳಬಾರದು?

ಎರಡನೆಯದು ನಗರದ ಗ್ರಾಹಕರದು: "ನಾನು ಹಳೆಯ ಮರ ಕೊಂಡು ಹೊಸ ಮರವನ್ನು ಉಳಿಸಿದೆ." ಯಾವ ಮನೆಯದು ಎಂದು ಕೇಳಿದಿರಾ? ಆ ಮನೆ ತಾನಾಗಿ ಬಿದ್ದಿತ್ತೇ? ಬಾಗಿಲು ಕಿತ್ತ ಮನೆಗೆ ಏನು ಬಂತು? ಅಂಟು ಹಾಕಿ ಒತ್ತಿದ ಹೊಸ ಫ್ಲಶ್ ಬಾಗಿಲು ಬಂದಿದ್ದರೆ, ನೀವು ಉಳಿಸಿದ ಹೊಸ ಮರ ನಮ್ಮ ಊರಿನಲ್ಲಿ ಖರ್ಚಾಯಿತು.

ಮೂರನೆಯದು: "ವಸ್ತುಸಂಗ್ರಹಾಲಯಗಳೂ ಮನೆಗಳನ್ನು ಬಿಚ್ಚಿ ಸಾಗಿಸಿಲ್ಲವೇ?" ಸಾಗಿಸಿವೆ. ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಮಣಿಪಾಲದ ಹಸ್ತಶಿಲ್ಪದ ವಿಜಯನಾಥ ಶೆಣೈ ಅವರು ಒಂದೊಂದೇ ತೊಲೆ ಗುರುತಿಸಿ ಮರಳಿ ನಿಲ್ಲಿಸಿದರು. ಚೆನ್ನೈ ಬಳಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ಚಿಕ್ಕಮಗಳೂರಿನ ಒಂದು ಮನೆ ನಿಂತಿದೆ. ಅವರು ಮನೆಯನ್ನು ಮನೆಯಾಗಿ ಉಳಿಸಿದರು. ಕಂಬ ಒಂದು ಹೋಟೆಲಿಗೆ, ಬಾಗಿಲು ಇನ್ನೊಂದು ರೆಸಾರ್ಟಿಗೆ, ಮುಚ್ಚಿಗೆಯ ಹಲಗೆ ಮೇಜಿಗೆ ಹಂಚಿಹೋಗುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ಮನೆಯ ಮರವನ್ನು ಕಳಚುವುದು ನಮಗೂ ಹೊಸತಲ್ಲ. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು. 1964ರಲ್ಲಿ ಲಿಂಗನಮಕ್ಕಿ ಬಂತು, ಅದರ ನೀರಿನಲ್ಲಿ ಹಿರೇಭಾಸ್ಕರವೇ ಮುಳುಗಿತು. ಶರಾವತಿ ಕಣಿವೆ ಬಿಟ್ಟು ಹೊರಟವರು ಬಾಗಿಲು, ಕಂಬ, ತೊಲೆಗಳನ್ನು ಹೇರಿಕೊಂಡು ಹೊಸ ಜಾಗದಲ್ಲಿ ಅವನ್ನೇ ನಿಲ್ಲಿಸಿದ ಕತೆಗಳನ್ನು ಕೇಳಿ ಬೆಳೆದವರು ನಾವು. ನೀರಿಗೆ ಬಿಡಲೊಲ್ಲದೆ ಹೊತ್ತು ತಂದ ಬಾಗಿಲನ್ನು ಮೊಮ್ಮಕ್ಕಳು ಲಾರಿಗೆ ಏರಿಸಿದರೆ, ಆ ಅಜ್ಜ ಅಜ್ಜಿಯರು ಯಾವುದಕ್ಕಾಗಿ ಬೆನ್ನು ಬಾಗಿಸಿದರು?

ಕಾನೂನು ಏನು ಹೇಳುತ್ತದೆ? ನಿಂತ ಮರವನ್ನು ಕಡಿಯಲು ಅನುಮತಿ ಬೇಕು. ಅದೇ ಮರ ಬಾಗಿಲಾಗಿದ್ದರೆ ಕೀಳುವವನನ್ನು ಯಾವ ಮರ ಅಧಿಕಾರಿಯೂ ಕೇಳುವುದಿಲ್ಲ. ಆದರೆ 1972ರ ಪ್ರಾಚೀನ ವಸ್ತು ಮತ್ತು ಕಲಾ ನಿಧಿ ಕಾಯ್ದೆ, ನೂರು ವರ್ಷ ದಾಟಿದ, ಕಟ್ಟಡದಿಂದ ಬೇರ್ಪಡಿಸಿದ ವಸ್ತುವನ್ನೂ ಪ್ರಾಚೀನ ವಸ್ತುವಿನ ವ್ಯಾಖ್ಯೆಯೊಳಗೆ ತರುತ್ತದೆ. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದಾಚೆಗೆ ಸಾಗಿಸುವಂತಿಲ್ಲ. ಮನೆಯಂಗಳಕ್ಕೆ ಬರುವ ದಲ್ಲಾಳಿಯನ್ನು ಈ ಪರವಾನಗಿಯ ಬಗ್ಗೆ ಒಮ್ಮೆ ಕೇಳಿ ನೋಡಿ.

ನನ್ನ ಸಲಹೆಗಳು ನಾಲ್ಕೇ. ಗಟ್ಟಿಯಾಗಿ ನಿಂತ ಮನೆಯ ಬಾಗಿಲನ್ನು ಯಾವ ಬೆಲೆಗೂ ಮಾರದಿರೋಣ. ಮನೆ ಬೀಳುವುದು ಅನಿವಾರ್ಯವಾದರೆ ಅದರ ಮರ ಮೊದಲು ಊರೊಳಗೆ ಕೇಳುವವರಿಗೆ ಸಿಗಲಿ. ಬಳಸದೆ ಬಿದ್ದಿರುವ ಒಂದು ಅಡಿಕೆ ಚಪ್ಪರದ ಕೊಟ್ಟಿಗೆ ಸಾಕು, ಹೋಬಳಿಗೊಂದು ಮರಮುಟ್ಟಿನ ಭಂಡಾರ ಮಾಡಬಹುದು. ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಕಾಗದ ಸರಿಯಿಟ್ಟುಕೊಳ್ಳಿ. ಮೂರನೆಯದಾಗಿ, ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿನ ಬಾಗಿಲುಗಳನ್ನು ಅಳೆದು, ಮರದ ಜಾತಿ, ಕೀಲಿನ ಕ್ರಮ, ಮೇಲಿರುವ ಗುರುತುಗಳನ್ನು ಬರೆದಿಡಲಿ. ಆ ಪುಸ್ತಕ ಊರಲ್ಲಿಯೇ ಇರಲಿ. ಅಚ್ಚು ಹಾಕಿದರೆ ಅದು ವ್ಯಾಪಾರಿಯ ಕೈಪಿಡಿಯಾದೀತು. ನಾಲ್ಕನೆಯದಾಗಿ, ಹಳೆಯ ಕೀಲು ಬಲ್ಲ ಆಚಾರಿಗೆ ಹೊಸ ಬಾಗಿಲು ಮಾಡುವವನಷ್ಟೇ ಕೂಲಿ ಕೊಟ್ಟು, ಒಬ್ಬ ಹುಡುಗನನ್ನು ಅವರ ಜೊತೆಗೆ ಕೆಲಸಕ್ಕೆ ಬಿಡೋಣ.

ಗೋದಾಮಿನ ಆ ಬೀಟೆಯ ದಾರಂದವನ್ನು ನಾನು ಕೊಳ್ಳದೆ ಬಂದೆ. ಹಾಗೆ ಮಾಡಿ ಏನನ್ನೋ ಸಾಧಿಸಿದೆನೆಂದು ಹೇಳಲಾರೆ. ಅದರ ಮನೆ ಆಗಲೇ ಹೋಗಿತ್ತು. ಅದನ್ನು ಇನ್ಯಾರೋ ಒಯ್ದಿರುತ್ತಾರೆ, ಮಗುವಿನ ಎತ್ತರದ ಗುರುತುಗಳು ಉಪ್ಪುಕಾಗದಕ್ಕೆ ಅಳಿಸಿಹೋಗಿರುತ್ತವೆ. ಸಾಲ್ಕಣಿಯಲ್ಲಿ ನಿಂತ ಮರವನ್ನು ಅಪ್ಪಿಕೊಂಡ ನಾಡು ನಮ್ಮದು. ಬಾಗಿಲಾದ ಮರವನ್ನು ಅಪ್ಪಿಕೊಳ್ಳಲು ಅಷ್ಟು ಧೈರ್ಯವೂ ಬೇಕಾಗಿಲ್ಲ, ಬೇಡವೆಂದು ದಲ್ಲಾಳಿಯನ್ನು ವಾಪಸು ಕಳಿಸಿದರೆ ಸಾಕು. ಬರುವ ಹೊಸ್ತಿಲ ಹುಣ್ಣಿಮೆಯಂದು ಹೊಸ್ತಿಲಿಗೆ ಹೂವಿಟ್ಟ ಮೇಲೆ ಒಮ್ಮೆ ತಲೆಯೆತ್ತಿ ನೋಡಿ. ಒಡೆದ ಹೆಂಚು ಕಂಡರೆ ಮಳೆಗಾಲಕ್ಕೆ ಮುನ್ನ ಬದಲಾಯಿಸಿಬಿಡಿ.